ಕುರುಗೋಡಿನ ಪಡಸಾಲೆಯ ಮೂರು ಹನಿ

“ಚೀಸ್ ಇಲ್ಲದ ವೈನ್ ಟ್ರಿಪ್ ಅಂದ್ರ ತಾಳಿ ಇಲ್ಲದ ಮದಿವಿ ಇದ್ದಂಗ್ರಿ” ಎಂದುಬಿಟ್ಟ ಶಶಿಕಾಂತ್.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಏನು ಬಂತು? ಮಾತು ಆಡಿದರೆ ಹೋಯಿತು. ಎದುರಿಗೆ ಕೂತಿದ್ದ ಸುನಂದಾಳ ಕೊರಳು ಬರಿದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ.

ಕುರುಗೋಡಿನ ಆ ದೊಡ್ಡ ಮನೆಯ ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಇದೇ ಮೇಜಿನ ಮುಂದೆ, ಇದೇ ಪ್ರವಾಸದಲ್ಲಿ ಯಾವ ಊಟಕ್ಕೆ ಯಾವ ವೈನ್ ಎಂದು ಗೊತ್ತುಮಾಡಲು ಕೂತ ದಿನವೇ ಆಕೆಯ ಗಂಡ ಚನ್ನಬಸವರಾಜ ವಿಷದ ಗ್ಲಾಸು ಎತ್ತಿ ಸತ್ತಿದ್ದ. ವೈನ್ ಬಾಟಲಿ ತಂದುಕೊಟ್ಟ ಡ್ರೈವರ್ ಅಂಜಿನೇಯ ಬಳ್ಳಾರಿಯ ಜೈಲು ಸೇರಿದ್ದ.

ಆ ಅಂಜಿನೇಯನ ಅಕ್ಕ ನೀಲಾವತಿ ಈಗ ಮೇಜಿನ ತುದಿಯಲ್ಲಿ ನಿಂತು, ಉದ್ದ ಕಾಲಿನ ಗ್ಲಾಸುಗಳನ್ನು ಸಾಲಾಗಿ ಇಡುತ್ತಿದ್ದಳು.

ಸುನಂದಾ ತಾನೇ ಮಾತು ಎತ್ತಿಕೊಂಡಳು. ಗಟ್ಟಿ ಹೆಣ್ಣುಮಗಳು. ಹುಳಿ ಬೆಣ್ಣೆಯ ತುಂಡು ತಿನ್ನಲಿಕ್ಕೆ ಬಳ್ಳಾರಿಯ ಮಂದಿ ಕೊಪ್ಪಳದ ಆಚೆಯ ದ್ರಾಕ್ಷಿ ತೋಟದವರೆಗೆ ಯಾಕೆ ಹೋಗಬೇಕು ಎಂದು ಕೇಳಿದಳು. ಮುಂಜಾನೆ ಬಳ್ಳಾರಿಯಲ್ಲಿ ಬಸ್ ಹತ್ತಬೇಕು. ಕುರುಗೋಡಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿಯಬೇಕು. ಕಂಪ್ಲಿ, ಗಂಗಾವತಿ ದಾಟಿ ಬಿಸಿಲು ಏರುವುದರೊಳಗೆ ತೋಟ ಮುಟ್ಟಬೇಕು. ಮಧ್ಯಾಹ್ನ ಬಳ್ಳಿಗಳ ಚಪ್ಪರದ ಕೆಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ. ಅದಕ್ಕೆ ಕೆಂಪು ವೈನ್. ಶೇಂಗಾ ಹೋಳಿಗೆಗೆ ಸಿಹಿ ವೈನ್. ಕತ್ತಲಾಗುವುದರೊಳಗೆ ವಾಪಸು ಮನೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಚನ್ನಬಸವರಾಜ ಕಂಡಿದ್ದ ಕನಸು ಇಷ್ಟೇ. ಅದನ್ನು ಒಂದು ಸಲವಾದರೂ ನಡೆಸಿ ತೋರಿಸುತ್ತೇನೆ ಎಂದು ಸುನಂದಾ ಹಟ ಹಿಡಿದಿದ್ದಳು.

ಹಟ ಅವಳದು. ಆದರೆ ಇವತ್ತು ಎಲ್ಲರನ್ನೂ ಇಲ್ಲಿ ಕೂರಿಸಿದ ಉಪಾಯ ನೀಲಾವತಿಯದು.

ಶಶಿಕಾಂತ್ ಸತ್ತವನ ಗೆಳೆಯ, ಪ್ರವಾಸದ ಪಾಲುದಾರ. ಅವನ ಪಕ್ಕದಲ್ಲಿ ಸುನಂದಾಳ ಮಾವ ಮರಿಬಸಪ್ಪ. ಹಣೆ ತುಂಬ ವಿಭೂತಿ, ಕೊರಳಲ್ಲಿ ಶಿವದಾರ. ಊರಿನ ಬ್ರಾಂದಿ ಅಂಗಡಿ ಎತ್ತಿಸಲು ಮುಂದೆ ನಿಂತ ಹಿರಿಯ. ಮಗನ ವೈನ್ ಪ್ರವಾಸದ ಮಾತು ಕೇಳಿ, “ಶರಣರ ಮನಿಯಾಗ ಇದೇನು ಕೇಡುಗಾಲ” ಎಂದು ನಾಕು ಮಂದಿಯ ಮುಂದೆ ಬೈದವರು. ಮೂಲೆಯ ಕುರ್ಚಿಯಲ್ಲಿ ಸಾದಾ ಅಂಗಿ ತೊಟ್ಟು ಮಂಡಕ್ಕಿ ಮೆಲ್ಲುತ್ತ ಕೂತವರು ಪಿಎಸ್‌ಐ ಹೊನ್ನೂರಸ್ವಾಮಿ. ನೀಲಾವತಿ ಕಾಡಿ ಬೇಡಿ ಕರೆತಂದಿದ್ದಳು.

ಅಲ್ಲಾ, ಬಳ್ಳಾರಿಯ ಪಾರ್ವತಿನಗರದ ಒಂದು ಸಣ್ಣ ಕೋಣೆಯಲ್ಲಿ ಪತ್ತೇದಾರಿ ಬೋರ್ಡು ಹಾಕಿಕೊಂಡು ಕೂತ ಹೆಂಗಸಿಗೆ ಕೊಲೆಯ ಉಸಾಬರಿ ಯಾಕೆ ಎಂದು ಕೇಳುವವರು ಕೇಳಿದ್ದರು. ಅವಳ ಪತ್ತೇದಾರಿಕೆ ಎಂದರೆ ಲಗ್ನದ ವಿಚಾರಣೆ. ಹುಡುಗ ಕುಡಿಯುತ್ತಾನೋ, ಎಲ್ಲಾದರೂ ಇನ್ನೊಂದು ಸಂಸಾರ ಇಟ್ಟಿದ್ದಾನೋ, ಇಷ್ಟು ತಿಳಿದು ಹೇಳುವುದು. ಆದರೆ ಜೈಲಿನಲ್ಲಿ ಇದ್ದವನು ಅವಳ ಅಂಜಿ. ಅವ್ವ ತೀರಿಕೊಂಡಾಗ ಇನ್ನೂ ತೊಟ್ಟಿಲಲ್ಲಿದ್ದ ಕೂಸು. ಸಿರಿಗೇರಿಯ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಸೋಮವಾರ ಅವನ ಜಾಮೀನು ಅರ್ಜಿ ಕೋರ್ಟಿಗೆ ಬರುವುದಿತ್ತು.

ಪೊಲೀಸರ ಹತ್ತಿರ ಅವನ ವಿರುದ್ಧ ಇದ್ದದ್ದು ಎರಡು ಮಾತು. ವೈನ್ ಬಾಟಲಿ, ಗ್ಲಾಸುಗಳ ಡಬ್ಬಿ ತಂದವನು ಅವನು. ಅದರ ಹಿಂದಿನ ವಾರವಷ್ಟೇ ಸಿರುಗುಪ್ಪದ ಅಂಗಡಿಯಲ್ಲಿ ಭತ್ತದ ಹುಳಕ್ಕೆಂದು ಔಷಧಿ ಕೊಂಡವನೂ ಅವನು. ಚನ್ನಬಸವರಾಜನ ಹೊಟ್ಟೆಯಲ್ಲಿ ಸಿಕ್ಕಿದ್ದು ಅದೇ ಔಷಧಿ.

ಜೈಲಿನ ಜಾಲರಿಯ ಆಚೆ ನಿಂತು ಅಂಜಿನೇಯ ಅತ್ತಿದ್ದ. “ಅಕ್ಕಾ, ಡಬ್ಬಿ ಹೊರಗಿನ ಕಟ್ಟಿ ಮ್ಯಾಲಿಟ್ಟು ಹೊಳ್ಳಿ ಗಾಡ್ಯಾಗ ಕುಂತೀನಿ. ಅವ್ವನ ಆಣಿ, ಒಳಗ ಕಾಲಿಟ್ಟಿಲ್ಲ.”

ಅಷ್ಟು ಸಾಕಾಗಿತ್ತು ನೀಲಾವತಿಗೆ. ಅವ್ವನ ಆಣೆ ಹಾಕಿ ಅಂಜಿ ಸುಳ್ಳು ಹೇಳುವವನಲ್ಲ.

ಮೊನ್ನೆ ಬಂದ ಲ್ಯಾಬಿನ ವರದಿ ಅವಳ ಕಾಲಿಗೆ ಇನ್ನಷ್ಟು ಬಲ ಕೊಟ್ಟಿತು. ಬಾಟಲಿಗಳಲ್ಲಿ ವಿಷ ಇರಲಿಲ್ಲ. ಇದ್ದದ್ದು ಚನ್ನಬಸವರಾಜ ಕುಡಿದ ಆ ಒಂದು ಗ್ಲಾಸಿನಲ್ಲಿ. ಅಂದರೆ ವಿಷ ಹಾಕಿದ ಕೈ ಗ್ಲಾಸು ಮುಟ್ಟಿದ ಕೈ. ಪಡಸಾಲೆಗೇ ಬಾರದವನು ಗ್ಲಾಸು ಹೇಗೆ ಮುಟ್ಟಿಯಾನು? ಹೊನ್ನೂರಸ್ವಾಮಿಯ ಮುಂದೆ ಈ ಲೆಕ್ಕವನ್ನು ಅವಳು ಎಷ್ಟು ಸಲ ಒಪ್ಪಿಸಿದಳೆಂದರೆ, ಪಾಪ, ಅವರಿಗೇ ಅದು ಬಾಯಿಪಾಠವಾಗಿತ್ತು. ತಮ್ಮನನ್ನು ಉಳಿಸುವ ಗಂಟು ಇಲ್ಲೇ ಇದೆ ಎಂದು ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು.

ಹಾಗಾದರೆ ಪಡಸಾಲೆಯಲ್ಲಿ ಇದ್ದವರು ಯಾರು? ಯಾರೂ ಇರಲಿಲ್ಲ ಎನ್ನುತ್ತಿದ್ದರು ಎಲ್ಲರೂ. ಸುನಂದಾ ಅಡಿಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದಳು. ಶಶಿಕಾಂತ್ ಅಂಗಳದಲ್ಲಿ ನಿಂತು ತೋಟದವರ ಜೊತೆ ಫೋನಿನಲ್ಲಿದ್ದ. ಮರಿಬಸಪ್ಪ ದೇವರ ಕೋಣೆಯಲ್ಲಿ ಪೂಜೆಗೆ ಕೂತಿದ್ದರು. ಚನ್ನಬಸವರಾಜ ಒಬ್ಬನೇ ರುಚಿ ನೋಡುತ್ತ ಕೂತಿದ್ದ, ಒಬ್ಬನೇ ಕುಡಿದ, ಒಬ್ಬನೇ ಬಿದ್ದ.

ಸುಳ್ಳು. ನಿನ್ನೆ ಪೊಲೀಸರು ಪಡಸಾಲೆಯ ಬೀಗ ತೆಗೆದುಕೊಟ್ಟಾಗ ನೀಲಾವತಿ ನೆಲಕ್ಕೆ ಕೂತು ನೋಡಿದ್ದಳು. ಚನ್ನಬಸವರಾಜ ಬಿದ್ದ ಕಡೆ ಚೆಲ್ಲಿದ ವೈನ್ ದೊಡ್ಡ ಕಲೆಯಾಗಿ ಒಣಗಿತ್ತು. ಅದು ಸರಿ. ಆದರೆ ಮೇಜಿನ ಈಚೆ ಬದಿಯಲ್ಲಿ, ಖಾಲಿ ಕುರ್ಚಿಯ ಪಕ್ಕ, ನೆಲದ ಶಾಬಾದಿ ಕಲ್ಲಿನ ಮೇಲೆ ಮೂರು ಹನಿ. ಒಂದರ ಪಕ್ಕ ಒಂದು, ಸಾಲಾಗಿ. ಕುಡಿಯುವ ಮನುಷ್ಯನಿಂದ ಚೆಲ್ಲಿದ್ದು ಹಾಗೆ ಸಾಲು ಹಿಡಿಯುವುದಿಲ್ಲ.

ಸಿರಿಗೇರಿಯಲ್ಲಿ ಅವಳ ಅಪ್ಪ, ಕಾಕಂದಿರು ಕುಡಿಯಲು ಕೂತಾಗ ಮೊದಲು ಉಂಗುರ ಬೆರಳನ್ನು ಗ್ಲಾಸಿನಲ್ಲಿ ಅದ್ದಿ ನೆಲಕ್ಕೆ ಮೂರು ಸಲ ಚಿಮುಕಿಸುತ್ತಿದ್ದರು. ನೆಲದವ್ವನಿಗೆ ಕೊಡದೆ ಕುಡಿಯಬಾರದು. ಇದು ದಿನದ ರೂಢಿ ಇದ್ದವರ ಕೈ ಮಾಡುವ ಕೆಲಸ. ಬಾಯಿ ಇಲ್ಲವೆಂದರೂ ಕೈ ಕೇಳುವುದಿಲ್ಲ. ವರನ ವಿಚಾರಣೆಯಲ್ಲಿ ನೀಲಾವತಿ ಎಷ್ಟೋ ಸಲ ಗಂಡಿನ ಮನೆಗೆ ದೂರದ ನೆಂಟಳಂತೆ ಹೋಗಿ, ಗ್ಲಾಸಿನಲ್ಲಿ ಶರಬತ್ತು ಕೊಟ್ಟು, ಮಾತಿಗೆ ಹಚ್ಚಿ, ಬೆರಳು ನೋಡಿದ್ದುಂಟು. ಬೀಡಾ ಕೂಡ ಮುಟ್ಟದ ಹುಡುಗ ಎಂದು ಹೊಗಳಿಸಿಕೊಂಡವರು ಶರಬತ್ತನ್ನು ನೆಲದವ್ವನಿಗೆ ಕೊಟ್ಟು ಸಿಕ್ಕಿಬಿದ್ದಿದ್ದರು.

ಆ ದಿನ ಇಲ್ಲಿ ಚನ್ನಬಸವರಾಜನ ಜೊತೆ ಇನ್ನೊಬ್ಬರು ಕೂತು ಕುಡಿದಿದ್ದರು. ಕುಡಿದೂ ಬದುಕಿದ್ದರು. ಕುಡಿದ ಗ್ಲಾಸು ತೊಳೆದಿಟ್ಟು ಎದ್ದು ಹೋಗಿದ್ದರು.

ಅದು ಶಶಿಕಾಂತ್ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಯಾವ ವೈನ್ ತಣ್ಣಗಿರಬೇಕು, ಯಾವುದು ಬೆಚ್ಚಗೆ ಎಂದು ಗಿಳಿಯಂತೆ ಹೇಳುವ ಮನುಷ್ಯ, ತಾನು ಹನಿಯೂ ಮುಟ್ಟಿಲ್ಲ, ಎಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು ಎನ್ನುತ್ತಿದ್ದ. ಯಾರ ಕಿವಿಗೆ ಹೂ ಇಡುತ್ತಾನೆ?

ನೀಲಾವತಿ ಕಪ್ಪು ದ್ರಾಕ್ಷಿಯ ರಸದ ಬಾಟಲಿ ತೆರೆದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: ಇದು ಬರೀ ಹಣ್ಣಿನ ರಸ, ಅಮಲಿನದಲ್ಲ. ಬಸ್ಸಿನಲ್ಲಿ ವೈನ್ ಕುಡಿಯದ ಹೆಂಗಸರು, ಹಿರಿಯರು ಬಂದರೆ ಅವರಿಗೆ ಇದನ್ನು ಕೊಡಬಹುದೋ ಹೇಗೆ, ರುಚಿ ನೋಡಿ ಹೇಳಬೇಕು. ಮರಿಬಸಪ್ಪ ಮೊದಲು ಬೇಡವೆಂದರು. ಹಿರಿಯರು ಕುಡಿಯುವುದನ್ನು ಹಿರಿಯರೇ ನೋಡಬೇಕಲ್ಲವೇ ಎಂದು ಅವಳು ನಯವಾಗಿ ಹೇಳಿದ ಮೇಲೆ ಗ್ಲಾಸು ಹತ್ತಿರ ಎಳೆದುಕೊಂಡರು.

ಅವಳ ಫೋನು ಮಿರ್ಚಿಯ ತಟ್ಟೆಯ ಪಕ್ಕ ಮಲಗಿತ್ತು. ರೆಕಾರ್ಡಿಂಗ್ ಹಚ್ಚಿಟ್ಟಿದ್ದಳು. ಆಮೇಲೆ ಯಾರೂ ಮಾತು ತಿರುಗಿಸಬಾರದು.

“ಸಾಹೇಬ್ರ, ಬಾಟಲಿಯಾಗ ವಿಷ ಇರಲಿಲ್ಲ ಅನ್ನಾದನ್ನ ಇವರಿಗೆ ಹೇಳ್ರಲ್ಲ” ಎಂದಳು.

ಬೇಕೆಂದೇ ಎಸೆದ ಕಲ್ಲು. ಎಲ್ಲರ ತಲೆಯೂ ಪಿಎಸ್‌ಐ ಕಡೆ ತಿರುಗಿತು. ಹೊನ್ನೂರಸ್ವಾಮಿ ಕೈ ಝಾಡಿಸಿಕೊಂಡು, ವಿಷ ಗ್ಲಾಸಿನಲ್ಲೇ ಇತ್ತು, ಬಾಟಲಿಯಲ್ಲಲ್ಲ ಎಂದು ನಿಧಾನವಾಗಿ ವಿವರಿಸತೊಡಗಿದರು.

ನೀಲಾವತಿ ಕಣ್ಣರೆಪ್ಪೆ ಬಡಿಯದೆ ಶಶಿಕಾಂತನ ಕೈಯನ್ನೇ ನೋಡುತ್ತಿದ್ದಳು. ಅವನ ಮುಖ ಬಿಳಿಚಿತು. ಗ್ಲಾಸು ಎತ್ತಿದ. ಎತ್ತಿದವನು ಬಾಯಾರಿದ ಎಮ್ಮೆಯಂತೆ ಒಂದೇ ಉಸಿರಿಗೆ ಗಟಗಟನೆ ಕುಡಿದು, ನೆತ್ತಿಗೇರಿ ಕೆಮ್ಮಿ, ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ಅದ್ದಲಿಲ್ಲ, ಚಿಮುಕಿಸಲಿಲ್ಲ. ಗ್ಲಾಸನ್ನು ಹೇಗೆ ಹಿಡಿಯಬೇಕೆಂಬುದೂ ಅವನಿಗೆ ತಿಳಿದಿರಲಿಲ್ಲ.

ಇವನಲ್ಲ.

ಮಾತಾಡುತ್ತಿದ್ದ ಹೊನ್ನೂರಸ್ವಾಮಿ ಅರ್ಧಕ್ಕೆ ನಿಲ್ಲಿಸಿದರು. ಅವರ ಕಣ್ಣು ಬೇರೆಲ್ಲೋ ನೆಟ್ಟಿತ್ತು. ನೀಲಾವತಿ ಹೊರಳಿ ನೋಡಿದಳು.

ಮರಿಬಸಪ್ಪನವರ ಉಂಗುರ ಬೆರಳು ಗ್ಲಾಸಿನಿಂದ ಹೊರಗೆ ಬರುತ್ತಿತ್ತು. ಪಿಎಸ್‌ಐ ಮಾತಿನಲ್ಲಿ ಮನಸ್ಸು ನೆಟ್ಟು ಕೂತಿದ್ದ ಆ ವಿಭೂತಿಯ ಹಿರಿಯ, ಕೈ ಏನು ಮಾಡುತ್ತಿದೆ ಎಂಬುದರ ಅರಿವೇ ಇಲ್ಲದೆ, ಕುರ್ಚಿಯ ಪಕ್ಕಕ್ಕೆ ಬೆರಳು ಚಿಮುಕಿಸಿದರು. ಒಂದು ಸಲ. ಎರಡು ಸಲ. ಮೂರು ಸಲ.

ಆಮೇಲೆ ಗ್ಲಾಸನ್ನು ಬಾಯಿಗೆ ಹಿಡಿದರು. ಹಿಡಿದಾಗ ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡಿತು.

ಅಯ್ಯೋ ಶಿವನೇ, ಈ ಮನುಷ್ಯನೇ! ಹೆಂಡದ ವಾಸನೆ ಬಂದರೆ ಮೂಗಿಗೆ ಟವೆಲು ಹಿಡಿಯುವ ಮರಿಬಸಪ್ಪನೇ! ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಯಜಮಾನ್ರ, ಬರೇ ಹಣ್ಣಿನ ರಸ ಅದು. ನೆಲದವ್ವಗ ಯಾಕ ಕೊಟ್ರಿ?”

ನೊಣ ಬಿದ್ದಿತ್ತು, ತೆಗೆದೆ ಎಂದರು ಮರಿಬಸಪ್ಪ. ಗದರಿಸುವ ದನಿಯಲ್ಲೇ ಅಂದರು. ಒದ್ದೆ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು.

ನೀಲಾವತಿ ಬಿಡಲಿಲ್ಲ. ಆ ದಿನದ ಮೂರು ಹನಿ ಬಿದ್ದ ಜಾಗ ತೋರಿಸಿದಳು. ಈಗ ಬಿದ್ದವು ಅದರಿಂದ ಗೇಣು ದೂರ. ಅದೇ ಕುರ್ಚಿ, ಅದೇ ಬದಿ. ಆ ದಿನ ದೇವರ ಕೋಣೆಯಲ್ಲಿ ಕೂತು ಪೂಜೆ ಮಾಡುತ್ತಿದ್ದವರು ಇಲ್ಲಿ ಕೂತು ನೆಲದವ್ವನಿಗೆ ಹೇಗೆ ಕೊಟ್ಟರು ಎಂದು ಕೇಳಿದಳು.

“ಕುಡಿದದ್ದಕ್ಕ ಯಾರೂ ನಿಮ್ಮನ್ನ ಹಿಡಿಯಂಗಿಲ್ರಿ. ನೀವು ಸುಮ್ಮನಿದ್ರ ತಪ್ಪು ಮಾಡದ ನನ್ನ ತಮ್ಮ ಒಳಗ ಕೊಳೀತಾನ.”

ಮರಿಬಸಪ್ಪ ಗ್ಲಾಸನ್ನು ದೂರ ಸರಿಸಿದರು. “ಈ ಮಾತು ಇಲ್ಲಿಗೇ ಬಿಡ್ರಿ ತಂಗಿ. ನಿಮ್ಮ ಸಲುವಾಗಿನ ಹೇಳ್ತೀನಿ.”

ದೊಡ್ಡಸ್ತಿಕೆಯ ಬೆದರಿಕೆ ಎಂದುಕೊಂಡಳು ನೀಲಾವತಿ. ರೇಗಿತು. ಲಗ್ನದ ವಿಚಾರಣೆಯವಳು ಎಂದು ಹಗುರ ಮಾಡುತ್ತಾರೆ, ಸಿರಿಗೇರಿಯವರು ಎಂದು ಹಗುರ ಮಾಡುತ್ತಾರೆ. ಬಿಡುವುದಿಲ್ಲ ಎಂದಳು. ನಡೆದದ್ದೆಲ್ಲ ಈಗಲೇ, ಸಾಹೇಬರ ಎದುರಿಗೇ ಹೇಳಬೇಕು ಎಂದಳು.

ಆಗ ಆ ಹಿರಿಯ ಮಾತಾಡಿದರು. ಸೊಸೆಯ ಕಡೆ ನೋಡದೆ, ನೆಲ ನೋಡುತ್ತ.

ಸಿರುಗುಪ್ಪದ ಗಿರಣಿಯ ಮೇಲಿನ ಕೋಣೆಯಲ್ಲಿ ವರ್ಷಗಳಿಂದ ಕುಡಿಯುತ್ತಿದ್ದರಂತೆ. ಲಿಂಗವನ್ನು ದೇವರ ಮುಂದೆ ಇಟ್ಟು ಹೋಗಿ ಕುಡಿದು, ಸ್ನಾನ ಮಾಡಿ ಮತ್ತೆ ಕಟ್ಟಿಕೊಳ್ಳುತ್ತಿದ್ದರಂತೆ. ಮಗನಿಗೆ ಇದು ಗೊತ್ತಾಗಿ ಬಹಳ ದಿನವಾಗಿತ್ತು. ಅವನು ಬೈಯಲಿಲ್ಲ. ಕದ್ದು ಕುಡಿದು ಆರೋಗ್ಯ ಕೆಡಿಸಿಕೊಳ್ಳುವ ಬದಲು ನನ್ನ ಎದುರಿಗೆ ಕೂತು ಒಂದು ಗ್ಲಾಸು ಕುಡಿಯಿರಿ ಅಪ್ಪ ಎಂದು, ಆ ದಿನ ಎಲ್ಲರೂ ಅತ್ತ ಇತ್ತ ಹೋದ ಹೊತ್ತು ನೋಡಿ ಕರೆದನಂತೆ.

“ಅವನ ಗ್ಲಾಸಿನಾಗ ಅರ್ಧ ಇತ್ತು. ನಂದು ತುಂಬಿ ತುಳುಕತಿತ್ತು. ನನಗ ಶುಗರ್ ಐತಿ ಅಂತ, ‘ನಿಮಗ ಇಷ್ಟು ಬ್ಯಾಡಪ್ಪ’ ಅಂದು ನಂದು ತಾ ತಗೊಂಡ. ತನ್ನ ಅರ್ಧ ಗ್ಲಾಸು ನನಗ ಕೊಟ್ಟ.” ಮರಿಬಸಪ್ಪ ಸೊಸೆಯ ಕಡೆ ತಿರುಗಿದರು. “ನಾ ಸಾಯಬೇಕಿತ್ತವ್ವ ಸುನಂದಾ. ನನ್ನ ಸಾವು ಅಂವ ಕುಡದ.”

ಸುನಂದಾ ಎದ್ದು ನಿಂತಿದ್ದಳು. ಶಶಿಕಾಂತ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಿದ್ದ. ಇಷ್ಟು ದಿನ ಚನ್ನಬಸವರಾಜನ ವೈರಿಗಳನ್ನು ಹುಡುಕುತ್ತಿದ್ದೆವಲ್ಲ, ಕೊಂದವನಿಗೆ ಬೇಕಾಗಿದ್ದು ಅವನೇ ಅಲ್ಲ ಎಂಬುದು ನೀಲಾವತಿಯ ತಲೆಗೆ ಇಳಿಯಲು ತುಸು ಹೊತ್ತು ಹಿಡಿಯಿತು. ಇಳಿದ ಮೇಲೆ ಒಂದೇ ಪ್ರಶ್ನೆ ಉಳಿಯಿತು. ಅದನ್ನು ಕೇಳುವ ಆತುರದಲ್ಲಿ ಅವಳು ಮೇಜಿನ ಮೇಲೆ ಬಗ್ಗಿದಳು.

“ಆ ತುಂಬಿದ ಗ್ಲಾಸು ನಿಮ್ಮ ಕೈಯಾಗ ಕೊಟ್ಟೋರು ಯಾರು?”

“ಬ್ಯಾಡ ತಂಗಿ.”

“ಹೇಳ್ರಿ. ಅವರೇ ಕೊಲಿಗಾರರು.”

ಮರಿಬಸಪ್ಪ ಕಣ್ಣು ಮುಚ್ಚಿಕೊಂಡರು. “ನಿಮ್ಮ ತಮ್ಮ.”

ಫ್ಯಾನು ತಿರುಗುತ್ತಲೇ ಇತ್ತು. ಹೊರಗೆ ಯಾವುದೋ ಟ್ರ್ಯಾಕ್ಟರು ಹಾದುಹೋಯಿತು. ನೀಲಾವತಿಗೆ ಅದು ಕೇಳಿಸಿತು, ಆದರೆ ಮರಿಬಸಪ್ಪನವರ ಮುಂದಿನ ಮಾತುಗಳು ಬಾವಿಯ ತಳದಿಂದ ಬಂದಂತೆ ಬಂದವು. ಅಂಜಿನೇಯ ಹಿತ್ತಲ ಬಾಗಿಲಿನಿಂದ ಬಂದನಂತೆ. ತುಂಬಿದ ಗ್ಲಾಸಿಗೆ ಟವೆಲು ಮುಚ್ಚಿ ತಂದಿದ್ದನಂತೆ. ಅದನ್ನು ಹಿರಿಯರ ಕೈಗೇ ಕೊಟ್ಟನಂತೆ.

“‘ಯಜಮಾನ್ರ, ಇದು ನಿಮಗಂತನ ಬ್ಯಾರೆ ತಂದದ್ದು, ಸಣ್ಣ ಯಜಮಾನ್ರಿಗೆ ಕೊಡಬ್ಯಾಡ್ರಿ’ ಅಂತ ಕಿವಿಯಾಗ ಅಂದ. ಕೊಟ್ಟು ನಿಂದರಲಿಲ್ಲ, ಹೋದ. ಯಾಕ ತಂದ, ಯಾರು ಕೊಟ್ಟು ಕಳಿಸಿದ್ರು, ನನಗ ಗೊತ್ತಿಲ್ಲ. ಪೊಲೀಸರು ಹಿಡಿಯಾವನ್ನ ಹಿಡದಾರ, ಇನ್ನ ನಾ ಬಾಯಿ ಬಿಟ್ಟು ಮನಿ ಮಾನ ಯಾಕ ಬೀದಿಗೆ ತರ್ಲಿ ಅಂತ ಸುಮ್ಮನಿದ್ದೆ. ನೀವ ಬಿಡಲಿಲ್ಲ.”

ವಿಷ ಹಾಕಿದ ಕೈ ಗ್ಲಾಸು ಮುಟ್ಟಿದ ಕೈ. ಯಾರ ಲೆಕ್ಕ ಇದು? ಅವಳದೇ. ತಾನೇ ಹೆಣೆದ ಬಲೆಗೆ ತಾನೇ ಸಾಕಿದ ಕೂಸು ಬಿದ್ದಿತ್ತು. ಅವ್ವನ ಆಣೆ ಹಾಕಿದ್ದನಲ್ಲ, ಅವ್ವನ ಮುಖವನ್ನೇ ನೋಡದ ಹುಡುಗ! ನೀಲಾವತಿ ಕುರ್ಚಿ ಎಳೆದು ಕೂತಳು. ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಹೊನ್ನೂರಸ್ವಾಮಿ ಎದ್ದರು. ಈ ಮಾತನ್ನೆಲ್ಲ ಠಾಣೆಗೆ ಬಂದು ಬರೆಸಿಕೊಡಬೇಕಾಗುತ್ತದೆ ಎಂದು ಮರಿಬಸಪ್ಪನವರಿಗೆ ಹೇಳಿದರು.

ಸಾಧ್ಯವಿಲ್ಲ ಎಂದರು ಮರಿಬಸಪ್ಪ. ದನಿಯಲ್ಲಿ ಹಳೆಯ ಗತ್ತು ಮರಳಿತ್ತು. ಮಗ ಹೋದ, ಇನ್ನು ಮರ್ಯಾದೆಯನ್ನೂ ಕಳಕೊಳ್ಳುವುದಿಲ್ಲ. ಠಾಣೆಯಲ್ಲಿ ಕೇಳಿದರೂ ಕೋರ್ಟಿನಲ್ಲಿ ಕೇಳಿದರೂ, ಆ ಹೊತ್ತು ಪೂಜೆಯಲ್ಲಿದ್ದೆ ಎಂದೇ ಹೇಳುತ್ತೇನೆ ಎಂದರು. ಶಶಿಕಾಂತ್ ತಾನು ಏನೂ ಕೇಳಿಸಿಕೊಂಡಿಲ್ಲ ಎನ್ನುವಂತೆ ಗೋಡೆ ನೋಡುತ್ತಿದ್ದ.

ಆಮೇಲೆ ಮರಿಬಸಪ್ಪನವರ ಕಣ್ಣು ಮಿರ್ಚಿಯ ತಟ್ಟೆಯ ಪಕ್ಕಕ್ಕೆ ಹೋಯಿತು. ಫೋನಿನ ಅಂಚಿನಲ್ಲಿ ಬೆಳಕು ಕಾಣುತ್ತಿತ್ತು. ಕುಡಿತ ಮುಚ್ಚಿಟ್ಟವರಿಗೆ ಇಂಥದ್ದೆಲ್ಲ ಬೇಗ ಕಾಣುತ್ತದೆ.

“ಅದನ್ನ ಅಳಿಸಿಬಿಡ್ರಿ ತಂಗಿ” ಎಂದರು ಮೆಲ್ಲಗೆ. “ಸೋಮವಾರ ನಿಮ್ಮ ತಮ್ಮ ಹೊರಗ ಬರ್ತಾನ. ನನ್ನ ಮಾನನೂ ಉಳೀತೈತಿ.”

ನೀಲಾವತಿ ಫೋನು ಎತ್ತಿಕೊಂಡಳು. ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಹೊನ್ನೂರಸ್ವಾಮಿ ಕಸಿದುಕೊಳ್ಳಲಿಲ್ಲ. ಕಸಿದುಕೊಳ್ಳುವುದಕ್ಕಿಂತ ಕೆಟ್ಟ ಕೆಲಸ ಮಾಡಿದರು. ಸುಮ್ಮನೆ ಅಂಗೈ ಚಾಚಿ ನಿಂತರು.

“ಕೊಡ್ರಿ ಅಕ್ಕಾರ. ಸತ್ಯ ಹೊರಗ ಬರಬೇಕು ಅಂತ ನನ್ನ ಕರಕೊಂಡು ಬಂದೋರು ನೀವು.”

ಸುನಂದಾ ಮೇಜು ಸುತ್ತಿಕೊಂಡು ಬಂದು ಅವಳ ಎದುರಿಗೆ ನಿಂತಳು. ಇಷ್ಟು ದಿನ, ಅಂಜಿನೇಯ ಇಂಥ ಕೆಲಸ ಮಾಡುವವನಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಹೆಣ್ಣುಮಗಳು ಆ ಮನೆಯಲ್ಲಿ ಸುನಂದಾ ಒಬ್ಬಳೇ.

“ನೀಲಕ್ಕಾರ” ಎಂದಳು, “ಸತ್ತಾಂವ ನನ್ನ ಗಂಡ.”

ನೀಲಾವತಿ ಅವಳನ್ನು ನೋಡಿದಳು. ಪಿಎಸ್‌ಐ ಚಾಚಿದ ಕೈಯನ್ನು ನೋಡಿದಳು. ಹೆಬ್ಬೆರಳು ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದಳು.

ಉಳಿಸಲೋ, ಅಳಿಸಲೋ ಎಂದು ಫೋನು ಕೇಳಿತು.